ಉಪ್ಪು ನೋಡುವವನು

ಕೋಟೇಶ್ವರದಲ್ಲಿ ಇಪ್ಪತ್ತೆಂಟು ವರ್ಷದಿಂದ ಹೋಟೆಲು ನಡೆಸುತ್ತಿರುವ ಭೋಜ ಶೆಟ್ಟಿ ನಾನು, ಯಾರ ಮಾತನ್ನೂ ಕೇಳುವವನಲ್ಲ. ಆದರೆ ಸಾಂಬಾರಿನ ಉಪ್ಪಿನ ವಿಷಯದಲ್ಲಿ ಮಾತ್ರ ಮಗ ರೋಹನ್ ಹೂಂ ಅನ್ನುವವರೆಗೆ ನಾನು ಪಾತ್ರೆ ಇಳಿಸುವುದಿಲ್ಲ. ಕುದಿಯುವಾಗಲೇ ಅವನು ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾನೆ. ಇಪ್ಪತ್ತೆರಡರ ಹುಡುಗ, ಒಮ್ಮೆಯೂ ತಪ್ಪಿದ್ದಿಲ್ಲ.

ಅವನಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ಫ್ಯಾಂಕೋನಿ ಅನೀಮಿಯಾ ಎಂದು ಸರಿಯಾಗಿ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ತಂದೆಯ ಕಡೆಯ ದೋಷ, ತಾಯಿಯ ಕಡೆಯ ದೋಷ ಎರಡೂ ಸೇರಿದರೆ ಬರುವಂಥದ್ದಂತೆ, ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚಂತೆ. ನಾನು ಸೋದರತ್ತೆಯ ಮಗಳು ಉಮಾವತಿಯನ್ನೇ ಮದುವೆಯಾದವನು. ಸಂಬಂಧ ಗಟ್ಟಿಯಾಯಿತೆಂದು ಆಗ ಮನೆಯವರೆಲ್ಲ ಕುಣಿದಿದ್ದರು. ಈಗ ಯಾರನ್ನು ಬಯ್ಯಲಿ?

ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇಂಥವರ ಬಾಯಿಗೆ ಎಚ್‌ಪಿವಿ ಎಂಬ ವೈರಸ್ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ, ಬಾಯಿಯ ಕ್ಯಾನ್ಸರಿನ ಭಯವೂ ಹೆಚ್ಚು, ಎರಡು ವಾರದಲ್ಲಿ ಮಾಯದ ಹುಣ್ಣು ಕಂಡರೆ ಕೂಡಲೇ ಕರೆತನ್ನಿ ಎಂದಿದ್ದರು. ನಾನು ರಕ್ತದ ರಿಪೋರ್ಟು ನೋಡಿಕೊಂಡೇ ಕೂತೆ.

ಅವನ ನಾಲಿಗೆಯ ಬದಿಯಲ್ಲಿ ಬಿಳಿ ಕಲೆ ಕಂಡಾಗ ತೀರ್ಪು ಕೊಟ್ಟವನೂ ನಾನೇ.

“ಸಾಂಬಾರ್ ತಾಗಿ ಸುಟ್ಟದ್ದ್ ಮಾರಾಯ, ಗುಣ ಆತ್ತ್.”

ನನ್ನ ನಾಲಿಗೆ ಎಷ್ಟು ಸಲ ಸುಟ್ಟಿಲ್ಲ? ತುಪ್ಪ ಹಚ್ಚಿಸಿದೆ. ಆಸ್ಪತ್ರೆಗೆ ಹೋಗುವ ಎಂದ ಉಮಾವತಿಯನ್ನು ಗದರಿದೆ. ಹಾಗೆ ಮೂರು ತಿಂಗಳು ಕಳೆದೆ.

ಕಳೆದ ವಾರ ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ವೈರಸ್ಸೂ ಇದೆ, ಕ್ಯಾನ್ಸರೂ ಇದೆ. ರೇಡಿಯೇಶನ್ ಕರೆಂಟು ಕೊಡುವುದನ್ನೂ ಕಿಮೋವನ್ನೂ ಇವನ ಮೈ ತಡೆಯುವುದಿಲ್ಲ, ಅರ್ಧ ನಾಲಿಗೆ ತೆಗೆಯಬೇಕು ಎಂದರು. ಬೇರೆ ದಾರಿ ಇಲ್ಲವೇ ಎಂದು ಮೂರು ಸಲ ಕೇಳಿದೆ. ಡಾಕ್ಟರು ಬೇಸರಿಸದೆ ಮೂರು ಸಲವೂ ಅದನ್ನೇ ಹೇಳಿದರು. ಅವರು ಬೇಸರಿಸಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು.

ಇವತ್ತು ಅಡ್ಮಿಟ್ ಆಗಬೇಕು. ಬೆಳಿಗ್ಗೆ ರೋಹನ್ ಎಂದಿನಂತೆ ಅಡುಗೆಮನೆಗೆ ಬಂದ. ಸೌಟನ್ನು ನಾನೇ ಹಿಡಿದು, ಊದಿ ಆರಿಸಿ ಅವನ ಅಂಗೈಗೆ ಬಿಟ್ಟೆ. ನೆಕ್ಕಿದ. ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿದ.

“ಅಪ್ಪಯ್ಯ, ಉಪ್ಪ್ ಕಮ್ಮಿ ಇತ್ತ್. ಒಂದ್ ಮುಷ್ಟಿ ಹಾಕಿ.”

ನಾನು ಆಗಲೇ ರುಚಿ ನೋಡಿದ್ದೆ. ಉಪ್ಪು ಸರಿಯಾಗಿತ್ತು. ಆದರೂ ಅವನ ಕಣ್ಣೆದುರೇ ಒಂದು ಮುಷ್ಟಿ ಹಾಕಿ ಕಲಕಿದೆ. ಅವನು ಮತ್ತೆ ರುಚಿ ನೋಡಿ, ಈಗ ಸರಿಯಾಯಿತು ಎಂದ.

ಮೊದಲ ಗಿರಾಕಿ ಚಂದಯ್ಯ, ನಿವೃತ್ತ ಕಂಡಕ್ಟರ್. ಕಾಫಿ ತುಸು ಆರಿದ್ದರೂ ರಂಪ ಮಾಡುವ ಆಸಾಮಿ. ಇಡ್ಲಿ ಅದ್ದಿ ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಆಸ್ಪತ್ರೆಯ ಬ್ಯಾಗು ಹಿಡಿದು ನಿಂತಿದ್ದ ರೋಹನನನ್ನು ನೋಡಿದರು. ಸಾಂಬಾರು ಹೇಗಿದೆ ಎಂದು ಅವನೇ ಕೇಳಿದ.

“ನೀನೇ ಉಪ್ಪ್ ನೋಡಿದ್ದಲ್ದಾ? ಮತ್ತೆಂತ ಕೇಂಬುದ್,” ಎಂದು ಚಂದಯ್ಯ ಸಾಂಬಾರಿನ ಬಟ್ಟಲೆತ್ತಿ ಅಷ್ಟನ್ನೂ ಕುಡಿದು, ನೀರಿನ ಲೋಟಕ್ಕೆ ಕೈ ಚಾಚಿದರು.