ಅಗಸಿ ಎಣ್ಣೆಯ ಮುಖ

ಮಹೇಶಕುಮಾರ ಟ್ರಂಕಿನ ತಳದಿಂದ ಚಿತ್ರವನ್ನು ಎಳೆದು, ಸುತ್ತಿದ್ದ ಸೀರೆ ಬಿಚ್ಚಿದವನೇ ಹಿಂದಕ್ಕೆ ಸರಿದ. ಅಣ್ಣ ಶಿವರಾಯ ಬರೆದಿದ್ದ, ಅವನ ಮಗಳು ವಿದ್ಯಾವತಿಯ ಮುಖ ಅರಿಸಿನದಷ್ಟು ಹಳದಿಯಾಗಿತ್ತು. ಕಣ್ಣಿನ ಬಿಳಿಯೂ ಹಳದಿ. ಹುಡುಗಿ ಕಾಮಾಲೆಯಿಂದ ಸತ್ತು ವರ್ಷಗಳೇ ಆಗಿದ್ದವು.

“ಅವರ ಕೂಡನೇ ಮಣ್ಣಾಗ ಇಟ್ಟುಬಿಡು ಮಹೇಶಾ. ನಾ ನೋಡಂಗಿಲ್ಲ,” ಎಂದಳು ಅತ್ತಿಗೆ ಸುಭದ್ರಾಬಾಯಿ, ಗೋಡೆಯ ಕಡೆ ಮುಖ ಮಾಡಿ.

ಸರಸಂಬಾ ಊರಿನ ಆ ಮನೆಯ ಅಂಗಳದಲ್ಲಿ ಅವಳ ಗಂಡ ಶಿವರಾಯನ ಹೆಣಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಹೇಶ ಚಿತ್ರವನ್ನು ಅಣ್ಣನ ಪಕ್ಕದಲ್ಲೇ ಬಿಸಿಲಿಗೆ ನಿಲ್ಲಿಸಿದ. ಕುಣಿ ತೋಡುವವರಿಗೆ ಬಂಡೆ ಸಿಕ್ಕಿತ್ತು. ಸಂಜೆಯಾಗುತ್ತದೆ ಎಂದು ಹೇಳಿ ಕಳಿಸಿದರು. ಭಜನೆ ನಡೆದೇ ಇತ್ತು.

*

ಶಿವರಾಯ ಬದುಕಿದ್ದಾಗ ಗುಡ್ಡದ ಕೆಮ್ಮಣ್ಣು ಸೋಸಿ, ಅಗಸಿ ಎಣ್ಣೆ ಹಾಕಿ, ಕಲ್ಲಿನ ಮೇಲೆ ದಿನಗಟ್ಟಲೆ ಅರೆದು ಚಿತ್ರಕಾರರಿಗೆ ಬಣ್ಣ ಮಾಡಿಕೊಡುತ್ತಿದ್ದ. ಗಂಡಸು ಕೂತು ಖಾರ ಅರೆಯುತ್ತಾನೆ ಎಂದು ಊರವರು ಕಾಲೆಳೆಯುತ್ತಿದ್ದರು. ಮಗಳು ಹೋದ ಮೇಲೆ ಅದೇ ಬಣ್ಣದಲ್ಲಿ ಕೆನ್ನೆ ಕೆಂಪಗೆ ಮಾಡಿ, ಕಾಯಿಲೆಗೆ ಮುಂಚೆ ಇದ್ದಂತೆ ಅವಳನ್ನು ಬರೆದ. ನೋಡಲಾಗದೆ ಸುಭದ್ರಾ ಅದನ್ನು ಟ್ರಂಕಿಗೆ ಹಾಕಿದಳು. ಮರುವರ್ಷ ತೆಗೆದರೆ ಮುಖ ಹಳದಿ. ಸತ್ತ ಮೇಲೂ ರೋಗ ಮಗಳನ್ನು ಬಿಟ್ಟಿಲ್ಲ ಎಂದು ಎದೆ ಬಡಿದುಕೊಂಡಳು.

“ರೋಗ ಅಲ್ಲ, ಎಣ್ಣಿ ಗುಣ. ಕತ್ತಲ್ದಾಗ ಹಳದಿ ಆಗ್ತದ. ಬಿಸಲಿಗಿಡು,” ಎಂದಿದ್ದ ಶಿವರಾಯ.

ಸಮಾಧಾನದ ಮಾತು ಎಂದುಕೊಂಡು ಅವಳು ಬೀಗ ಹಾಕಿದಳು. ಮೆತ್ತಗಿನ ಮನುಷ್ಯ, ಅವನು ಮತ್ತೆ ಒತ್ತಾಯ ಮಾಡಲಿಲ್ಲ.

*

ಮಧ್ಯಾಹ್ನ ಇಳಿಯುವಾಗ ಪಕ್ಕದ ಮನೆಯ ಚಾಂದಬೀ ಬಂದು ಸುಭದ್ರಾಳ ಭುಜ ಹಿಡಿದಳು.

“ಅಕ್ಕಾ, ಹುಡುಗಿ ಕಣ್ಣು ಬೆಳ್ಳಗಾಗಾಕತ್ತಾವ.”

ಸುಭದ್ರಾ ತಿರುಗಿದಳು. ಹಳದಿ ಇಳಿಯುತ್ತಿತ್ತು, ಕೆನ್ನೆಯ ಕೆಂಪು ಮೇಲೆ ಬಂದಿತ್ತು. ಪಕ್ಕದಲ್ಲಿ ಕೂತ ಗಂಡನ ಮುಖ ಮಾತ್ರ ಬೆಳಗ್ಗೆಗಿಂತ ಹಳದಿಯಾಗಿತ್ತು. ಭಜನೆಯವರೂ ಅದನ್ನು ನೋಡಿ ತಾಳ ನಿಲ್ಲಿಸಿದರು. ಇದು ಒಳ್ಳೆಯದಲ್ಲ, ಬೇಗ ಎರಡನ್ನೂ ಮಣ್ಣು ಮಾಡಿ ಎಂದು ಯಾರೋ ಪಿಸುಗುಟ್ಟಿದರು. ಹೆದರಿಕೆ ಅವಳಿಗೂ ಆಯಿತು. ಅದಕ್ಕಿಂತ ಹೆಚ್ಚಾಗಿ, ಗಂಡನ ಮಾತು ನಂಬಲಿಲ್ಲವಲ್ಲ ಎಂದು ಮರುಗಿ, ಚಿತ್ರವನ್ನು ಎತ್ತಿಕೊಂಡಳು.

ಕುಣಿ ಸಿದ್ಧವೆಂದು ಸುದ್ದಿ ಬಂತು. ಹೆಣವನ್ನು ವಿಮಾನದಂತೆ ಕಟ್ಟಿದ ಚಟ್ಟದಲ್ಲಿ ಕೂರಿಸಿ ಎತ್ತಿದರು. ಮಹೇಶ ಚಿತ್ರಕ್ಕೆ ಕೈ ಚಾಚಿದ.

“ಕೊಡ್ರಿ ವೈನಿ, ಹೊತ್ತಾಗ್ಯಾದ.”

“ಅಲ್ಲಿ ಕತ್ತಲದ, ಮಹೇಶಾ. ಕೊಡಂಗಿಲ್ಲ.”

ಹೆಣದ ಮುಂದಿನ ಹಲಗೆ ವಾದ್ಯದ ಸದ್ದು ಓಣಿ ತಿರುಗಿತು. ಅಂಗಳದ ತುಂಬ ಗೋಡೆಯ ನೆರಳು ಬಿದ್ದಿತ್ತು. ಸುಭದ್ರಾ ಚಿತ್ರವನ್ನು ಅವಚಿಕೊಂಡು ಮನೆಯ ತೆರೆದ ಮಾಳಿಗೆ ಹತ್ತಿದಳು. ಉಳಿದಿದ್ದ ಬಿಸಿಲಿಗೆ ಮಗಳ ಮುಖ ಹಿಡಿದು, ನೆರಳು ಬಂದಂತೆಲ್ಲ ಹಿಂದೆ ಹಿಂದೆ ಸರಿಯುತ್ತ, ಮಾಳಿಗೆಯ ಅಂಚಿಗೆ ಬಂದು ನಿಂತಳು.