ಎಂಟನೇ ನಂಬರಿನ ಕಾಲು

ನಾನು ಬೂಟಿನಂಗಡಿಯ ಒಂದು ಸ್ಟೂಲು. ಎತ್ತರದಲ್ಲಿ ಮನುಷ್ಯರ ಮೊಣಕಾಲಿಗೂ ಬರುವುದಿಲ್ಲ. ನನ್ನ ಹಿಂಭಾಗದಲ್ಲಿ ಸೇಲ್ಸ್‌ಮನ್ ಕೂರುತ್ತಾನೆ, ಮುಂಭಾಗದ ಇಳಿಜಾರು ಹಲಗೆಯ ಮೇಲೆ ಗಿರಾಕಿ ಕಾಲಿಡುತ್ತಾನೆ. ಹುಬ್ಬಳ್ಳಿಯ ಒಬ್ಬ ಬಡಿಗ ಯಾರದೋ ಮನೆಯ ಬಾಗಿಲು ಮಾಡಿ, ಉಳಿದ ಸಾಗವಾನಿ ತುಂಡುಗಳಿಂದ ನನ್ನನ್ನು ಮಾಡಿದ. ಬಾಗಿಲಾಗಿದ್ದರೆ ಬಂದುಹೋಗುವವರ ಮುಖ ನೋಡಬಹುದಿತ್ತು. ಸ್ಟೂಲಾದೆ, ಕಾಲು ನೋಡಿದೆ. ಇದರಲ್ಲಿ ನನಗೆ ಬೇಸರವಿಲ್ಲ, ಸಂತೋಷವೂ ಇಲ್ಲ. ಮೊಳೆ ಹೊಡೆದಾಗ ನೋಯಲಿಲ್ಲ, ಮೇಲೆ ರೆಕ್ಸಿನ್ ಹೊದಿಸಿದಾಗ ಹಿತವೆನಿಸಲೂ ಇಲ್ಲ. ಕಟ್ಟಿಗೆಯ ಸ್ವಭಾವವೇ ಹಾಗೆ.

ನನ್ನನ್ನು ಕೊಂಡವನು ಈರಣ್ಣ ಸಾಹುಕಾರ. ಪೇಟೆಯ ನಡುವೆ ಅವನದು ಎರಡು ಕದದ ಅಂಗಡಿ. ಆಗ ಅಲ್ಲಿದ್ದ ಸೇಲ್ಸ್‌ಮನ್ ದ್ಯಾಮಣ್ಣ ಒಬ್ಬನೇ. ವ್ಯಾಪಾರ ಬೆಳೆದಂತೆ ಅವನ ಕೈಕೆಳಗೆ ಹುಡುಗರು ಬಂದರು, ದ್ಯಾಮಣ್ಣ ಹೆಡ್ ಸೇಲ್ಸ್‌ಮನ್ ಆದ. ಸಾಹುಕಾರ ತನ್ನ ಗಲ್ಲೆಯ ಪಕ್ಕದಲ್ಲೇ ಅವನಿಗೊಂದು ಕುರ್ಚಿ ಹಾಕಿಸಿಕೊಟ್ಟ. ದ್ಯಾಮಣ್ಣ ಆ ಕುರ್ಚಿಗೆ ತನ್ನ ಊಟದ ಚೀಲ ತೂಗುಹಾಕಿ, ಎಂದಿನಂತೆ ಬಂದು ನನ್ನ ಮೇಲೆ ಕೂತ. ಬೆಳಗಿನ ಮೊದಲ ಗಿರಾಕಿಯ ಕಾಲು ಹಿಡಿಯುವವನು ಕೊನೆಯವರೆಗೂ ಅವನೇ.

ಅವನು ಬಾಯಿಂದ ಕಲಿಸಿದ್ದು ಕಡಿಮೆ. ಕಸ್ತೂರಿ ಎಂಬ ಹೆಣ್ಣುಮಗಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕ ಬಂದ. ಹಿಮ್ಮಡಿಯೆಲ್ಲ ಒಡೆದಿತ್ತು, ಬಿರುಕುಗಳಲ್ಲಿ ಎರೆಮಣ್ಣು ಕೂತಿತ್ತು. ಕಸ್ತೂರಿ ಅದಕ್ಕೂ ಮೊದಲು ಔಷಧದ ಅಂಗಡಿಯಲ್ಲಿ ಕಟ್ಟೆಯ ಹಿಂದೆ ನಿಂತು ಕೆಲಸ ಮಾಡಿದವಳು. ಹಿರಿಯರಿಗೆ ನಮಸ್ಕಾರ ಮಾಡುವಾಗ ಬಿಟ್ಟರೆ ಪರರ ಕಾಲು ಮುಟ್ಟಿದವಳಲ್ಲ. ಡಬ್ಬಿಯನ್ನು ಮಾರು ದೂರದಲ್ಲಿಟ್ಟು, “ಹಾಕ್ಕೊಂಡು ನೋಡ್ರಿ” ಎಂದಳು. ದ್ಯಾಮಣ್ಣ ಬೈಯಲಿಲ್ಲ, ಕಣ್ಣೂ ಕೆಂಪಗೆ ಮಾಡಲಿಲ್ಲ. ನನ್ನ ಮೇಲೆ ಬಂದು ಕೂತ. ಹೆಗಲ ಮೇಲಿನ ಬಟ್ಟೆಯಿಂದ ಮುದುಕನ ಕಾಲು ಒರೆಸಿದ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದ ತಿರುವಿ ಕೆಳಗೆ ನೋಡಿ, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿದ.

“ಅಜ್ಜಾರ, ಇಲ್ಲಿ ನೋವೈತೇನ್ರಿ?”

“ಸ್ವಲ್ಪ ಐತಪ್ಪ. ನಿನಗ ಹೆಂಗ ಗೊತ್ತಾತು?”

ಮೆತ್ತನೆಯ ತಳದ ಜೋಡು ಬಂತು, ಮುದುಕ ಹಾಕಿಕೊಂಡೇ ಮನೆಗೆ ಹೋದ. ದ್ಯಾಮಣ್ಣ ಆ ವ್ಯಾಪಾರವನ್ನು ಕಸ್ತೂರಿಯ ಹೆಸರಿಗೆ ಹಾಕಿಸಿದ. “ನಾ ಏನೂ ಮಾಡಲಿಲ್ಲಲ್ರೀ” ಎಂದಳು ಅವಳು. “ನಾಳೆ ಮಾಡ್ತೀಯಲ್ಲವಾ” ಎಂದು ಅವನು ಚಹಾ ಕುಡಿಯಲು ಎದ್ದ. ಮರುದಿನ ಅವಳು ಮಾಡಿದಳು. ಮೂಗು ಸಿಂಡರಿಸಿಕೊಂಡೇ ಮಾಡಿದಳು, ಆದರೆ ಮಾಡಿದಳು.

ಇನ್ನು ಅವನ ಬೂಟಿನ ಮಾತು. ಪ್ರತಿ ಸೀಸನ್ನಿಗೆ ಕಂಪನಿಯವರು ಹೊಸ ಮಾಡೆಲ್ಲಿನ ಸ್ಯಾಂಪಲ್ ತಂದುಕೊಡುತ್ತಿದ್ದರು. ಗಂಡಸರ ಸ್ಯಾಂಪಲ್ ಎಂದರೆ ಏಳನೇ ನಂಬರು, ಬೇರೆ ಅಳತೆ ಇಲ್ಲ. ದ್ಯಾಮಣ್ಣನದು ಎಂಟನೇ ನಂಬರಿನ ಕಾಲು. ಆದರೂ ಸ್ಯಾಂಪಲ್ ಬಂದ ದಿನವೇ ಅದನ್ನು ತುರುಕಿಕೊಂಡು ಅಂಗಡಿಯ ತುಂಬ ಓಡಾಡುತ್ತಿದ್ದ. “ಗಾಜಿನಾಗ ಇಟ್ಟದ್ದನ್ನ ಜನ ನೋಡ್ತಾರ, ಕಾಲಾಗ ಇದ್ದದ್ದನ್ನ ತಗೋತಾರ” ಎನ್ನುತ್ತಿದ್ದ. ಗಿರಾಕಿಗೆ ಕೂದಲೆಳೆಯಷ್ಟು ಬಿಗಿಯಾದರೂ ಕೊಡದ ಮನುಷ್ಯ, ತನ್ನ ಕಾಲಿಗೆ ಮಾತ್ರ ಬೇರೆ ಕಾನೂನು ಇಟ್ಟುಕೊಂಡಿದ್ದ. ಮೊದಲ ವರ್ಷಗಳಲ್ಲಿ ಸಂಜೆ ಬೂಟು ಕಳಚಿ, ಕಾಲನ್ನು ನನ್ನ ಹಲಗೆಯ ಮೇಲಿಟ್ಟು, ಮುಖ ಹಿಂಡಿಕೊಂಡು ಬೆರಳು ತಿಕ್ಕುತ್ತಿದ್ದ. ಬರಬರುತ್ತ ತಿಕ್ಕುವುದು ನಿಂತಿತು.

“ನೋಡ್ಲೇ, ಈಗ ಏನೂ ಅನಸೂದಿಲ್ಲ. ಪಾದ ಪಳಗೇತಿ” ಎಂದು ದಾದಾಪೀರನಿಗೆ ಹೇಳಿದ. ದಾದಾಪೀರ ಅಂಗಡಿಯ ಚುರುಕಾದ ಸೇಲ್ಸ್‌ಮನ್, ದ್ಯಾಮಣ್ಣನಂತೆ ನಡೆಯುವುದು, ದ್ಯಾಮಣ್ಣನಂತೆ ಹೆಗಲಿಗೆ ಬಟ್ಟೆ ಹಾಕುವುದು ಅವನ ಅಭ್ಯಾಸ. ಮುಂದಿನ ಸೀಸನ್ನಿಗೆ ಅವನ ದಪ್ಪ ಕಾಲೂ ಸ್ಯಾಂಪಲ್ಲಿನೊಳಗೆ ಹೋಯಿತು. ಯಾರೂ ಹೇಳಿರಲಿಲ್ಲ. ನೋಡಿದ, ಮಾಡಿದ.

ದ್ಯಾಮಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅದಕ್ಕೆ ಕೊಟ್ಟ ಮಾತ್ರೆಯನ್ನು ಸಕ್ಕರೆ ಹಾಕಿದ ಚಹಾದ ಜೊತೆ ನುಂಗುತ್ತಿದ್ದ ಮಹಾನುಭಾವ. ಆ ಕಾಯಿಲೆ ಕಾಲಿನ ಅರಿವನ್ನು ತಿಂದುಹಾಕುತ್ತದೆಂದು ಅವನಿಗೂ ತಿಳಿಯಲಿಲ್ಲ, ಸುತ್ತಲಿದ್ದವರಿಗೂ ತಿಳಿಯಲಿಲ್ಲ.

ದೀಪಾವಳಿ ಹತ್ತಿರವಿದ್ದಾಗ ಒಂದು ಸಂಜೆ ಅವನು ಕಾಲೆತ್ತಿ ನನ್ನ ಮೇಲಿಟ್ಟ. ಕಾಲುಚೀಲದ ಅಡಿ ಒದ್ದೆಯಾಗಿತ್ತು. ನನ್ನ ರೆಕ್ಸಿನ್ನಿನ ಮೇಲೆ ಕಂದು ಕಲೆ ಬಿತ್ತು. ಎಲ್ಲೋ ನೀರು ತುಳಿದೆನೆಂದುಕೊಂಡು ಒರೆಸಿ ಎದ್ದ. ಅದು ನೀರಲ್ಲವೆಂದು ನನಗೆ ಗೊತ್ತಾಯಿತು, ಹೇಳಲು ಬಾಯಿರಲಿಲ್ಲ. ಅಂದು ನಾನು ಹೆದರಿದೆ. ಕಟ್ಟಿಗೆಗೆ ಹೆದರಿಕೆ ಎಲ್ಲಿಂದ ಬಂತೋ ಕಾಣೆ, ಹೆದರಿದ್ದು ಮಾತ್ರ ನಿಜ.

ಬೆಳಿಗ್ಗೆ ನನ್ನನ್ನು ಒರೆಸುತ್ತಿದ್ದ ಕಸ್ತೂರಿ ಇನ್ನೂ ಉಳಿದಿದ್ದ ಆ ಕಲೆ ನೋಡಿದಳು, ಬಗ್ಗಿ ಮೂಸಿದಳು. ಆಮೇಲಿನ ದಿನಗಳಲ್ಲಿ ನನ್ನ ಮೇಲೆ ಯಾರ ಕಾಲು ಬಂತು, ಯಾರದು ಹೋಯಿತು ಎಂದು ಅವಳ ಕಣ್ಣು ಇತ್ತಲೇ ಇತ್ತು. ಗಿರಾಕಿಗಳ ಮೇಲಿನ ಅನುಮಾನ ಒಂದೊಂದಾಗಿ ಕಳಚಿ ಉಳಿದವನು ದ್ಯಾಮಣ್ಣ.

“ನೀ ಹೇಳು ಅವರಿಗೆ” ಎಂದಳು ದಾದಾಪೀರನಿಗೆ.

“ದೊಡ್ಡವರಿಗೆ ಕಾಲುಚೀಲ ತಗೀರಿ ಅಂತ ಹೆಂಗ ಹೇಳೂದು? ಸುಮ್ನ ಇರವಾ. ಮೈಮ್ಯಾಲೆ ಬರ್ತಾರ.”

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು. ಕಸ್ತೂರಿ ನನ್ನನ್ನು ಗಿರಾಕಿಗಳ ಕುರ್ಚಿಯ ಮುಂದೆ ಎಳೆದಳು.

“ದ್ಯಾಮಣ್ಣಾರ, ಇಲ್ಲಿ ಬಂದು ಕೂಡ್ರಿ.”

“ನಾ ಏನ ಗಿರಾಕಿ ಏನವಾ?”

“ನನಗ ಅಳತಿ ತಗೋಳೂದು ಇನ್ನೂ ಸರಿ ಬಂದಿಲ್ರಿ. ನಿಮ್ಮ ಕಾಲ ಮ್ಯಾಲೆ ಕಲೀತೀನಿ.”

ಅವಳಿಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಆದರೆ ಕಲಿಯುತ್ತೇನೆಂದು ಬಂದವರಿಗೆ ದ್ಯಾಮಣ್ಣ ಎಂದೂ ಒಲ್ಲೆ ಎಂದವನಲ್ಲ, ಅದು ಅವಳಿಗೆ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಆ ಕುರ್ಚಿಯಲ್ಲಿ ಕೂತ. ಕಸ್ತೂರಿ ನನ್ನ ಮೇಲೆ ಕೂತಳು. ಬೂಟು ಬಿಚ್ಚಿದಳು. ಕಾಲುಚೀಲ ಅಂಟಿಕೊಂಡಿತ್ತು, ಮೆಲ್ಲಗೆ ಬಿಡಿಸಿದಳು. ಬೆರಳುಗಳು ಒಂದರ ಮೇಲೊಂದು ಏರಿ ಕಪ್ಪಿಟ್ಟಿದ್ದವು. ಪಾದದ ಅಡಿಯಲ್ಲಿ, ಕಿರುಬೆರಳಿನ ಬುಡಕ್ಕೆ, ತೂತು ಬಿದ್ದಂಥ ಹುಣ್ಣು. ಮೇಲೆ ಕೂತವನಿಗೆ ಅದು ಕಾಣುತ್ತಿರಲಿಲ್ಲ. ಅವಳು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹುಣ್ಣಿನ ಪಕ್ಕಕ್ಕೆ ಹೆಬ್ಬೆರಳು ಇಟ್ಟಳು.

“ಇಲ್ಲಿ ನೋವೈತೇನ್ರಿ?”

“ಒತ್ತಿ ಕೇಳವಾ. ಒತ್ತದ ಕೇಳಬಾರದು ಅಂತ ಎಷ್ಟ ಸಲ ತೋರಿಸೀನಿ.”

“ಒತ್ತಾಕತ್ತೀನ್ರಿ.”

ದ್ಯಾಮಣ್ಣ ಬಗ್ಗಿ ನೋಡಿದ. ಒತ್ತಿದ ಬಲಕ್ಕೆ ಅವಳ ಉಗುರು ಬೆಳ್ಳಗಾಗಿತ್ತು. ಅವನು ಅವಳ ಹೆಬ್ಬೆರಳನ್ನು ನೋಡಿದ, ಮತ್ತೆ ಅವಳ ಮುಖ ನೋಡಿದ. ಅಷ್ಟರಲ್ಲಿ ಯಾರೋ ಚಪ್ಪಲಿ ಕೇಳಿಕೊಂಡು ಬಂದರು. ದಾದಾಪೀರ ಎದ್ದುಹೋಗಿ ತೋರಿಸಿದ.

ದ್ಯಾಮಣ್ಣನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅವನ ಎರಡು ಕಾಲ್ಬೆರಳು ತೆಗೆದರಂತೆ. ಇನ್ನು ಕೆಲವು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ಅಂಗಡಿಯಲ್ಲಿ ಆ ಹಬ್ಬದ ವ್ಯಾಪಾರ ನಡೆಯಿತು, ಡಬ್ಬಿಗಳು ಇಳಿದವು, ಡಬ್ಬಿಗಳು ಏರಿದವು. ಬೆಳಗಿನ ಮೊದಲ ಗಿರಾಕಿ ಬಂದಾಗ ಕಸ್ತೂರಿ ನನ್ನ ಮೇಲೆ ಕೂರತೊಡಗಿದಳು. ಮಾತು ಕಡಿಮೆ, ಕೆಲಸ ಸರಿಯಾಗಿ. ಮನಸ್ಸಿನಲ್ಲಿ ಯಾವ ಚಿಂತೆಯೂ ಇಲ್ಲದವರಂತೆ ಎಲ್ಲರೂ ದುಡಿದರು.

ಚಳಿ ಮುಗಿಯುವ ಹೊತ್ತಿಗೆ ದ್ಯಾಮಣ್ಣ ಕೋಲೂರಿಕೊಂಡು ಬಂದ. ಕದ ಪೂರ್ತಿ ತೆರೆದಿರಲಿಲ್ಲ. ಗಿರಾಕಿಗಳ ಕುರ್ಚಿಯಲ್ಲಿ ಕೂತು, ಎಲ್ಲರನ್ನೂ ಕರೆದು, ಕಾಲುಚೀಲ ತೆಗೆದು ಪಾದವನ್ನು ನನ್ನ ಹಲಗೆಯ ಮೇಲಿಟ್ಟ. ಹೊಸದಾಗಿ ಸೇರಿದವರು ಮುಖ ತಿರುಗಿಸಿದರು.

“ಇತ್ಲಾಗ ನೋಡ್ರಿ. ಗಿರಾಕಿ ಕಾಲು ಹಿಡಿಯೂದು ನಿಮಗ ನಾ ಕಲಿಸಿದೆ. ಬಿಗಿ ಬೂಟು ಹಾಕ್ಕೊಳ್ಳೂದನ್ನೂ ನಾನ ಕಲಿಸೀನಿ.”

ದಾದಾಪೀರನ ಕಡೆ ಅವನು ನೋಡಲಿಲ್ಲ. ದಾದಾಪೀರ ಡಬ್ಬಿಗಳ ಹಿಂದೆ ಹೋದ. ಬಂದಾಗ ಅವನ ಕಾಲಲ್ಲಿ ಹಳೆಯ ಚಪ್ಪಲಿ ಇತ್ತು. ಸ್ಯಾಂಪಲ್ ಬೂಟನ್ನು ಒರೆಸಿ ಗಾಜಿನೊಳಗೆ ಇಟ್ಟ. ಆ ಅಂಗಡಿಯಲ್ಲಿ ಆಮೇಲೆ ಯಾರೂ ಸ್ಯಾಂಪಲ್ ಹಾಕಿಕೊಳ್ಳಲಿಲ್ಲ.

ದ್ಯಾಮಣ್ಣನಿಗೆ ದಿನವಿಡೀ ನಿಲ್ಲಲು ಆಗಲಿಲ್ಲ, ಕೆಲಸ ಬಿಟ್ಟ. ಕಸ್ತೂರಿ ಹೆಡ್ ಆದಳು. ಈರಣ್ಣ ಸಾಹುಕಾರನ ಮಗನ ಕೈಗೆ ಅಂಗಡಿ ಬಂದಮೇಲೆ ಉದ್ದನೆಯ ಸೋಫಾ ಬಂತು, ಗಿರಾಕಿಗಳು ತಾವೇ ಆರಿಸಿ ತಾವೇ ಹಾಕಿಕೊಳ್ಳುವ ಕಾಲ ಬಂತು. ನನ್ನನ್ನು ಹಿಂದಿನ ಗೋದಾಮಿಗೆ ಸಾಗಿಸಿದರು. ಅಲ್ಲಿ ಕತ್ತಲೆ, ಹೊಸ ಚರ್ಮದ ವಾಸನೆ. ನನಗೆ ಏನೂ ಅನಿಸಲಿಲ್ಲ.

ಒಂದು ದಿನ ದಾದಾಪೀರ ಬಂದು ನನ್ನ ಧೂಳು ಕೊಡವಿ ಹೊರಗೆ ಹೊತ್ತು ತಂದ. ಸೋಫಾದ ಮೇಲೆ ದ್ಯಾಮಣ್ಣ ಕೂತಿದ್ದ, ಹೊಸ ಬೂಟು ಬೇಕಾಗಿತ್ತು. ಕಸ್ತೂರಿ ನನ್ನ ಮೇಲೆ ಕೂತಳು.

“ಎಂಟು” ಎಂದ ಅವನು.

“ನಂಬರ ಕೇಳಿಲ್ರೀ ನಾ” ಎಂದು ಅವಳು ಎರಡೂ ಕಾಲು ಬೇರೆ ಬೇರೆ ಅಳೆದಳು. ಅಗಲ ಮುಂಭಾಗದ ಒಂದು ಜೋಡಿ ತಂದು ಹಾಕಿ, ದಾರ ಕಟ್ಟಿದಳು. ರೂಢಿಯಂತೆ “ಹೆಂಗ ಅನಸ್ತೈ…” ಎಂದವಳು ಅಲ್ಲಿಗೇ ನಿಂತಳು.

ದ್ಯಾಮಣ್ಣನಿಗೆ ಕೇಳಿಸಿತ್ತು.

“ನನಗ ತಿಳಿಯೂದಿಲ್ಲವಾ. ನೀನ ಹೇಳು, ಸರಿ ಕೂತೈತೇನು?”

ಅವಳು ಬೂಟಿನ ಸುತ್ತ ಒತ್ತಿ ನೋಡಿದಳು. ಕಳಚಿ, ಒಳಗೆ ಕೈ ಹಾಕಿ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಬಹಳ ಹೊತ್ತು ಸವರಿದಳು.

“ಇದು ಬ್ಯಾಡ್ರಿ. ಬ್ಯಾರೇದು ತರ್ತೀನಿ.”

ಅವನು ಬೂಟಿನ ಕಡೆ ನೋಡಲೂ ಇಲ್ಲ. “ತಗೊಂಡು ಬಾ” ಎಂದು, ಬರಿಗಾಲನ್ನು ನನ್ನ ಮೇಲೆ ಬಿಟ್ಟು ಸುಮ್ಮನೆ ಕೂತ. ಅವಳು ತಂದ ಇನ್ನೊಂದು ಜೋಡಿಯನ್ನೂ ಹಾಗೆಯೇ ನೋಡಿ, “ಇದು ಕೂತೈತ್ರಿ” ಎಂದಳು. ದ್ಯಾಮಣ್ಣ ಎದ್ದ. ಕನ್ನಡಿ ನೋಡಲಿಲ್ಲ, ಕಾಲೂ ನೋಡಿಕೊಳ್ಳಲಿಲ್ಲ. ಅವಳ ಮುಖ ನೋಡುತ್ತ ಬಾಗಿಲವರೆಗೆ ನಡೆದು ತಿರುಗಿ ಬಂದ.

ಸಂಜೆ ನನ್ನನ್ನು ಮತ್ತೆ ಗೋದಾಮಿನಲ್ಲಿಟ್ಟರು, ಈಗಲೂ ಇಲ್ಲೇ ಇದ್ದೇನೆ. ಮಾರಾಟ ಮಾಡುವುದು ಕಷ್ಟ, ಇನ್ನೊಬ್ಬರಿಗೆ ಕಲಿಸುವುದು ಅದಕ್ಕಿಂತ ಕಷ್ಟ ಎಂದು ಅಂಗಡಿಯಲ್ಲಿ ಜನ ಮಾತಾಡುವುದನ್ನು ಬಹಳ ಕೇಳಿದ್ದೇನೆ. ತಾನು ಕಲಿಸಿದವಳ ಕೈಗೆ ತನ್ನ ಕಾಲು ಕೊಟ್ಟು, ಅವಳು ಬೇಡ ಎಂದರೆ ಬೇಡ, ಸರಿ ಎಂದರೆ ಸರಿ ಎಂದು ಸುಮ್ಮನೆ ಕೂರುವುದನ್ನು ನಾನು ಕಂಡದ್ದು ಒಬ್ಬನಲ್ಲಿ ಮಾತ್ರ.