ಹನ್ನೊಂದು ಸಾವಿರ ಸಾಲಿಗೆ ಸುಣ್ಣ

ಕಡೂರಿಂದ ತರೀಕೆರೆ ಗಂಟ ಭುವನಾನಂಗೆ ಕಂಪ್ಯೂಟರ್ ಕುಟ್ಟೋಳು ಇನ್ನೊಬ್ಳಿಲ್ಲ ಕಣೇ. ಅವಳು ಕುಟ್ಟೋಕೆ ಕೂತ್ರೆ ಲಕ್ಕವಳ್ಳಿ ಡ್ಯಾಮಿನ ನೀರೇ ನಿಂತು ಕೇಳ್ತಿತ್ತು. ನಗಬೇಡ, ಅರ್ಧ ಸುಳ್ಳೇ ಅನ್ಕೋ. ಆದ್ರೆ ನೀರು ಬರೋದನ್ನ ಅವಳ ಕಂಪ್ಯೂಟರ್ರು ಮೊದ್ಲೇ ಹೇಳ್ತಿತ್ತು, ಅದು ನಿಜ.

ಹೋದ್ವರ್ಷ ಡ್ಯಾಮಿಂದ ನೀರು ಬಿಟ್ಟಾಗ ಊರಿನ ಎಮ್ಮೆಯೊಂದು ನಾಲೇಲಿ ತೇಲ್ಹೋದ ಮೇಲೆ ಈ ಎಚ್ಚರಿಕೆ ಏರ್ಪಾಟನ್ನ ಕಟ್ಟಿದ್ಲು. ನೀರು ಬರೋಕೆ ಅರ್ಧ ಗಂಟೆ ಮುಂಚೆ ದಡದ ಜನದ ಫೋನೆಲ್ಲಾ ಬಡ್ಕೊಳೋದು: "ನೀರು ಬತ್ತೈತೆ, ಮೇಲೆ ಬನ್ನಿ." ಅದರೊಳಗಿನ ಬರವಣಿಗೆನೆಲ್ಲ ಎಲ್ರಿಗೂ ಬಿಚ್ಚಿಟ್ಟಿದ್ಲು. ಓಪನ್ ಸೋರ್ಸ್ ಅಂತಾರಂತೆ. ಯಾರು ಬೇಕಾದ್ರೂ ತಿದ್ದಿ ಕಳಿಸ್ಬೋದು, ಇವಳು ಒಪ್ಪಿದ್ರೆ ಸೇರ್ಕೊಳ್ತಿತ್ತು. ಒಬ್ಬ ಸಾಲಿನ ಮುಂದೆ ಎರಡು ಬೆರಳು ಜಾಗ ಬಿಡೋನು, ಇನ್ನೊಬ್ಬ ನಾಕು ಬೆರಳು, ಮತ್ತೊಬ್ಬ ಒಂದು ಮಾರು! ಅದಕ್ಕೇ ದಿನಾ ಜಗಳ. ಎಲ್ಲಾನೂ ತಾನೇ ಒಪ್ಪ ಮಾಡೋ ಫಾರ್ಮ್ಯಾಟರ್ ಒಂದು ಹಾಕನ ಅಂದ್ಲು. ಯಾವ್ದು ಅನ್ನೋದೇ ತಲೆನೋವಾಯ್ತು.

ಅಜ್ಜಂಪುರದ ತಿಮ್ಮೇಶ, ಇವಳ ಕಾಲೇಜು ಜೊತೆಗಾರ, "ನಾವು ಮುಟ್ಟಿದ ಸಾಲನ್ನ ಮಾತ್ರ ನೆಟ್ಟಗೆ ಮಾಡೋದು ಹಾಕು ಕಣೇ, ನಿಧಾನಕ್ಕಾಗ್ಲಿ" ಅಂದ.

ತಿದ್ದಿ ಕಳಿಸೋರಲ್ಲೇ ಒಬ್ಬ, ಹೇಮಂತ ಅನ್ನೋನು ಬಿಡ್ಲಿಲ್ಲ. ಅವನ ಮುಖ ಯಾರೂ ಕಂಡಿರ್ಲಿಲ್ಲ. "ಅಕ್ಕಾ, ನಾನು ಚೌಳಹಿರಿಯೂರೋನು, ನಮ್ಮ ಹಿತ್ತಲಲ್ಲಿ ನಿಂತ್ರೆ ಲಕ್ಕವಳ್ಳಿ ಡ್ಯಾಮ್ ಕಾಣುತ್ತೆ" ಅಂತ ಬರೆದು ಸೇರ್ಕೊಂಡಿದ್ದ. ಮೂರು ತಿಂಗ್ಳಲ್ಲಿ ದಡದ ಜನದ ಫೋನ್ ನಂಬರಿನ ಪಟ್ಟೀನೂ ಅವನ ಕೈಗೇ ಹೋಗಿತ್ತು. "ನಾನು ಹೇಳೋ ಫಾರ್ಮ್ಯಾಟರ್ ಒಂದೇ ಏಟಿಗೆ ಎಲ್ಲಾನೂ ಸರಿ ಮಾಡುತ್ತೆ ಅಕ್ಕಾ. ನಿಮ್ಮ ಬರವಣಿಗೆ ಮೇಲೆ ಓಡಿಸಿ ಕಳಿಸಿದೀನಿ. ಭಾನುವಾರ ನೀರು ಬಿಡೋದ್ರೊಳಗೆ ಒಪ್ಕೋಬೇಕು."

ಅಕ್ಕಾ ಅಂದ್ನಲ್ಲ, ಕರಗಿಹೋದ್ಲು. ಹನ್ನೊಂದು ಸಾವಿರ ಸಾಲು ಬದಲಾಗಿತ್ತು. ಬರೀ ಜಾಗ ತಾನೆ, ಯಾರು ಓದ್ತಾರೆ ಅಂತ ಒಪ್ಕೊಂಬಿಟ್ಲು.

ಭಾನುವಾರ ಒಂಬತ್ತೂವರೆಗೆ ಭುವನಾನ ಸೋದರತ್ತೆ ಈರಕ್ಕ ಬಟ್ಟೆ ಗಂಟು ಹೊತ್ಕೊಂಡು ನಾಲೆಗೆ ಹೊರಟ್ಲು. ಆ ಮುದುಕಿ ಫೋನಿಗೆ ಭುವನಾ, ಈ ಕಂಪ್ಯೂಟರ್ರು ಬಿಟ್ರೆ ಇನ್ಯಾರೂ ಮಾಡ್ತಿರ್ಲಿಲ್ಲ.

"ನೀರು ಹತ್ತೂವರೆಗೆ. ಹತ್ತಕ್ಕೆ ಫೋನ್ ಬಡ್ಕೊಳ್ತೈತೆ, ಎದ್ದು ಬಂದ್ಬಿಡು ಅತ್ತೆ."

"ಬಡ್ಕೊಳ್ದಿದ್ರೆ?"

"ನೆನ್ನೆ ತಾನೆ ಎಲ್ಲಾ ಒಪ್ಪ ಮಾಡ್ಸಿದೀನಿ, ಮನೆಗೆ ಸುಣ್ಣ ಹೊಡೆಸ್ದಂಗೆ."

"ಸುಣ್ಣದ ದಿನಾನೇ ಕಣೇ ನನ್ನ ಕಂಚಿನ ಚೊಂಬು ಹೋಗಿದ್ದು! ಸಾಮಾನೆಲ್ಲ ಅಂಗಳಕ್ಕೆ ಬಂದಾಗ ಯಾವ್ದು ಹೋಯ್ತು ಅಂತ ಯಾರು ನೋಡ್ತಾರೆ? ಹೊಡೆದೋನು ಯಾವೂರೋನು?"

"ಚೌಳಹಿರಿಯೂರು. ಅವರ ಹಿತ್ತಲಿಂದ ಡ್ಯಾಮ್ ಕಾಣ್ತದಂತೆ."

ಈರಕ್ಕ ಬಿದ್ದು ಬಿದ್ದು ನಕ್ಕಳು. "ಅಲ್ಲಿಂದ ಡ್ಯಾಮ್ ಕಂಡ್ರೆ ನಮ್ಮ ಬಚ್ಚಲಿಂದ ಕಾಶಿ ಕಾಣ್ತೈತೆ ಬಿಡು! ಎಷ್ಟು ಬಸ್ಸು ಹತ್ತಿಳೀಬೇಕು ಗೊತ್ತೇನೇ?" ನಗ್ತಾನೇ ಹೋದ್ಲು.

ಭುವನಾಗೆ ನಗು ಬರ್ಲಿಲ್ಲ. ತಿಮ್ಮೇಶನಿಗೆ ಫೋನ್ ಹಚ್ಚಿದ್ಲು.

"ಜಾಗದ ಬದಲಾವಣೆ ಎಲ್ಲಾ ಮರೆಮಾಡಿ ನೋಡು" ಅಂದ. "ಬರೀ ಜಾಗಾನೇ ಬದಲಾಗಿದ್ರೆ ಒಂದ್ ಸಾಲೂ ಉಳೀಬಾರ್ದು."

ನೋಡ್ತಾ ನೋಡ್ತಾ ಹತ್ತೂ ಹತ್ತಾಯ್ತು. ಒಂದು ಸಾಲು ಉಳೀತು. ನೀರು ಬರೋಕೆ ಅರ್ಧ ಗಂಟೆ ಮುಂಚೆ ಅಂತಿದ್ದದ್ದು, ನೀರು ಬಂದು ಅರ್ಧ ಗಂಟೆ ಆದ್ಮೇಲೆ ಅಂತಾಗಿತ್ತು.

"ಉಳಿದೋರಿಗೆಲ್ಲ ನೀನು ಫೋನ್ ಮಾಡೋ!" ಅಂತ ಕಿರುಚಿ ಅತ್ತೆಗೆ ಹಚ್ಚಿದ್ಲು. ಬೇರೆ ಕರೆಯಲ್ಲಿದ್ದಾರೆ ಅಂತು. ಇನ್ನೊಂದ್ಸಲ. ಅದೇ. ಸ್ಕೂಟಿ ಹತ್ತಿ ನಾಲೆ ಏರಿ ಮೇಲೆ ಬಂದು ನಿಂತ್ಲು. ತಿರುವಿನಾಚೆ ನೀರು ಗುಡುಗ್ತಾ ಇತ್ತು. ಕೆಳಗೆ ಕಟ್ಟಕಡೇ ಮೆಟ್ಲಲ್ಲಿ ಈರಕ್ಕ, ಸೋಪಿನ ಕೈಯಲ್ಲೇ ಫೋನ್ ಕಿವಿಗೊತ್ಕೊಂಡು, ಹೂಂ ಹೂಂ ಅಂತ ನಗ್ತಾ ಕೂತವ್ಳೆ.

"ಅತ್ತೇ! ಏಳೇ ಮೇಲೆ!"

ತಾಳು, ಮಾತಾಡ್ತಾ ಇದೀನಿ ಅಂತ ಈರಕ್ಕ ಕೈ ಎತ್ತಿದ್ಲು.

ಆ ಕಡೆಯಿಂದ ಅವಳನ್ನ ಮಾತಲ್ಲಿ ಕೂರಿಸ್ಕೊಂಡೋನು ಯಾರು, ಅವಳನ್ನ ಏನಂತ ಕರೀತಿದ್ದ, ಈರಕ್ಕ ಎದ್ದಳೋ ಇಲ್ವೋ, ನೀನೇ ಹೇಳು ನೋಡನ.